ಆಕ್ಸೆಸ್ ಡಿನೈಡ್... ಅಂದ್ರೆ ಯಾರಿಗೆ?

ಮೊನ್ನೆ ಹಳೇ ಡೈರಿ ತಿರುವುವಾಗ 2011ರ ಒಂದು ಪುಟ ಕಂಡಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಒಂದರ ಕೆಳಗೊಂದು ಬರೆದು, ನಾಲ್ಕರ ಮುಂದೂ ಕೆಂಪು ಶಾಯಿಯಲ್ಲಿ ಕಾಟು ಹೊಡೆದಿದ್ದೆ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ತೊಳಸಿದಂತಾಯಿತು!

ಆಗ ನಮ್ಮೂರು ಇನ್ನೂ ಬಿಜಾಪುರ. ವಿಜಯಪುರ ಆದದ್ದು 2014ರಲ್ಲಿ. ಹೊಸ ತಾಲೂಕುಗಳೂ ಆಮೇಲೆ ಬಂದವು. ಬಿಜಾಪುರ ಬಿಟ್ಟರೆ ಜಿಲ್ಲೆಯಲ್ಲಿ ಈ ನಾಲ್ಕೇ ತಾಲೂಕು. ನಾನು ಸಾಫ್ಟ್‌ವೇರ್ ಬರೆದುಕೊಟ್ಟ ಸಂಸ್ಥೆಯೊಂದಕ್ಕೆ ನಾಲ್ಕೂ ಕಡೆ ಶಾಖೆ. ರೈತರ ಸಾಲದ ಅರ್ಜಿ, ಪಹಣಿ ಎಲ್ಲ ಸ್ಕ್ಯಾನ್ ಮಾಡಿ ಬ್ರೌಸರಿನಿಂದ ಏರಿಸಬೇಕು. ಬಿಜಾಪುರದ ವೆಬ್ ಸರ್ವರ್ ಅದನ್ನು ಪಕ್ಕದ ಮಶೀನಿನ ಶೇರ್ಡ್ ಫೋಲ್ಡರಿಗೆ ಹಾಕಬೇಕು. ಊರಿಗೊಂದು ಫೋಲ್ಡರ್. ನನ್ನ ಲ್ಯಾಪ್‌ಟಾಪಿನಲ್ಲಿ ಬೆಣ್ಣೆಯಂತೆ ಓಡಿತು. ಸರ್ವರಿಗೆ ಹಾಕಿದ್ದೇ ತಡ, ನಾಲ್ಕೂ ಕಡೆಯಿಂದ ಫೋನು: "ಸರ್, ಆಕ್ಸೆಸ್ ಡಿನೈಡ್ ಅಂತ ಬರಾಕತ್ತೈತ್ರಿ."

ಸಿಂದಗಿಯ ಕ್ಲಾರ್ಕು ಫೋನನ್ನು ಎದುರಿಗಿದ್ದ ಅಜ್ಜನ ಕೈಗೇ ಕೊಟ್ಟುಬಿಟ್ಟ. "ತಮ್ಮಾ, ಇದು ಮೂರನೇ ಸಲ ಬಂದೇನಿ. ನನ್ನ ಕಾಗದದಾಗ ಏನರ ತಪ್ಪೈತೇನಪಾ?"

ತಪ್ಪು ನನ್ನದು. ಅಜ್ಜ ತನ್ನದು ಅಂದುಕೊಂಡಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಮಾಡಿದ ಪೆದ್ದುತನ: ಸರ್ವರಿನಲ್ಲಿ ಲಾಗಿನ್ ಆಗಿ ಶೇರನ್ನು ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿದ್ದು. ಆ ಡ್ರೈವ್ ನನ್ನ ಲಾಗಿನ್ನಿಗೆ ಮಾತ್ರ. ಹಿಂದೆ ಓಡುವ ವೆಬ್ ಸರ್ವಿಸ್ಸಿಗೆ ಅದು ಕಾಣುವುದೇ ಇಲ್ಲ. ಆಮೇಲೆ ಸಿಟ್ಟಿಗೆದ್ದು 'ಎವೆರಿವನ್'ಗೆ ಫುಲ್ ಕಂಟ್ರೋಲ್ ಕೊಟ್ಟೆ. ಆಗಲೂ ಅದೇ ಎರರ್! ಎರಡು ದಿನ, ಆ ಮಶೀನಿಗೆ ಲಾಗಿನ್ ಇದ್ದ ಯಾರು ಬೇಕಾದರೂ ರೈತರ ಕಾಗದ ತೆಗೆದು ನೋಡಬಹುದಿತ್ತು, ನೋಡಬೇಕಾದ ಸರ್ವರಿಗೆ ಮಾತ್ರ ಬಾಗಿಲು ಬಂದ್. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಆಮೇಲೆ ತಲೆಗೆ ಹೊಳೆಯಿತು. "ಎಷ್ಟು ಅನುಮತಿ ಕೊಡಬೇಕು" ಅಲ್ಲ, "ಯಾರು ಕೇಳುತ್ತಿದ್ದಾರೆ" ಅಂತ ನೋಡಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಕೇಳುತ್ತಿದ್ದವನು ನಾನು. ಶೇರಿನ ಪಾಸ್‌ವರ್ಡೂ ಅದರಲ್ಲಿ ಸೇವ್ ಆಗಿತ್ತು. ಸರ್ವರಿನಲ್ಲಿ ಕೇಳುವುದು ಐಐಎಸ್‌ನ ಅಪ್ಲಿಕೇಶನ್ ಪೂಲ್. ಅದರ ಹೆಸರು ಆ ಮಶೀನಿನೊಳಗೆ ಮಾತ್ರ ಚಲಾವಣೆ. ಹೊಸ್ತಿಲು ದಾಟಿದರೆ ಅದು ಕಂಪ್ಯೂಟರಿನ ಖಾತೆಯ ಹೆಸರಲ್ಲಿ ಹೋಗುತ್ತದೆ. ಡೊಮೇನ್ ಇದ್ದಿದ್ದರೆ ಆ ಖಾತೆಗೇ ಅನುಮತಿ ಕೊಡಬಹುದಿತ್ತು. ಅಲ್ಲಿದ್ದದ್ದು ಬರೀ ವರ್ಕ್‌ಗ್ರೂಪ್. ಒಂದರ ಗುರುತು ಇನ್ನೊಂದಕ್ಕಿಲ್ಲ. 'ಎವೆರಿವನ್' ಅಂದರೂ ಗುರುತಿಲ್ಲದವರು ಅದರಲ್ಲಿ ಸೇರುವುದಿಲ್ಲ ನೋಡಿ!

ಎರಡೂ ಮಶೀನಿನಲ್ಲಿ ಒಂದೇ ಹೆಸರು, ಒಂದೇ ಪಾಸ್‌ವರ್ಡಿನ ಸಣ್ಣ ಖಾತೆ ಮಾಡಿ, ಪೂಲನ್ನು ಅದರ ಹೆಸರಲ್ಲಿ ಓಡಿಸಿದೆ. ಶೇರ್ ಅನುಮತಿ, ಫೋಲ್ಡರ್ ಅನುಮತಿ ಎರಡರಲ್ಲೂ ಆ ಖಾತೆಗೆ ಬರೆಯುವ ಹಕ್ಕು ಕೊಟ್ಟೆ. ಎರಡರಲ್ಲಿ ಬಿಗಿಯಾದದ್ದೇ ನಡೆಯುವುದು. 'ಎವೆರಿವನ್' ತೆಗೆದು ಹಾಕಿದೆ.

ಇಂಡಿ ಆಯಿತು, ಸಿಂದಗಿ ಆಯಿತು, ಬಾಗೇವಾಡಿ ಆಯಿತು. ಮುದ್ದೇಬಿಹಾಳ ಮಾತ್ರ ಹಟ ಹಿಡಿಯಿತು! ಆ ಫೋಲ್ಡರನ್ನು ಅದೇ ಡ್ರೈವಿನ ಬೇರೆ ಜಾಗದಿಂದ ಕಟ್ ಮಾಡಿ ತಂದಿದ್ದೆ. ಕಾಪಿ ಮಾಡಿದರೆ ಹೊಸ ಮನೆಯ ಅನುಮತಿ ಬರುತ್ತದೆ. ಒಂದೇ ಡ್ರೈವಿನೊಳಗೆ ಸರಿಸಿದರೆ ಹಳೆಯದೇ ಅಂಟಿಕೊಂಡಿರುತ್ತದೆ. ಅದನ್ನು ಸರಿಮಾಡಿದ ಮೇಲೆ ಕೊನೆಯ ಕಾಟು ಬಿತ್ತು.

ಸಿಂದಗಿಗೆ ಫೋನ್ ಮಾಡಿ ಅಜ್ಜನ ಬಗ್ಗೆ ಕೇಳಿದೆ. ಮರುದಿನ ಬಂದಿದ್ದನಂತೆ. ಕಾಗದ ಏರಿದ ಮೇಲೆ ಕ್ಲಾರ್ಕಿಗೆ ಒಂದೇ ಮಾತು ಕೇಳಿದನಂತೆ: "ಹಂಗಾರ ನನ್ನ ಕಾಗದ ಮೊದಲಿಂದ ಸರಿ ಇತ್ತಲ್ಲಪಾ?"

ಇತ್ತು ಅಜ್ಜಾ. ಅದನ್ನು ನಾನೇ ಬಂದು ಹೇಳಬೇಕಿತ್ತು. ಹೋಗಲಿಲ್ಲ.