ನಾಲ್ಕು ಮಿಲಿಮೀಟರಿನ ಸುಖ

ಗಣಕಲೋಕದ ಸುದ್ದಿಗಳೆಲ್ಲ ಈಗ ನ್ಯಾನೋಮೀಟರಿನಲ್ಲಿ ಬರುತ್ತವೆ. ಯಾರೋ 5ಕ್ಕೆ ಇಳಿದರಂತೆ, ಇನ್ಯಾರೋ 3ಕ್ಕೆ ಇಳಿದರಂತೆ, ಅಷ್ಟರಲ್ಲಿ 2 ಬಂದೇಬಿಟ್ಟಿತಂತೆ. ಚಿಪ್ ಮಾಡುವವರ ಈ ಇಳಿಯಾಟವನ್ನು ನಾನೂ ಬೆಳಗಿನ ಕಾಫಿಯ ಜೊತೆ ಓದುತ್ತೇನೆ. ಓದಿದ್ದನ್ನು ಪಕ್ಕದಲ್ಲಿದ್ದವರಿಗೆ ವಿವರಿಸಿ ಅವರ ಕಾಫಿಯನ್ನೂ ಆರಿಸುತ್ತೇನೆ. ನಿಜ ಹೇಳಬೇಕೆಂದರೆ ಆ 3 ಎನ್ನುವುದು ಚಿಪ್‌ನೊಳಗಿನ ಯಾವ ಭಾಗದ ಅಳತೆಯೂ ಅಲ್ಲ, ಬರೀ ಹೆಸರು. ಮನೆಗೆ ‘ಶಾಂತಿನಿಲಯ’ ಎಂದು ಹೆಸರಿಟ್ಟ ಹಾಗೆ. ಒಳಗೆ ಶಾಂತಿ ಇರಲೇಬೇಕೆಂದು ಯಾರೂ ಹಠ ಹಿಡಿಯುವುದಿಲ್ಲ. ನನ್ನ ನಿಷ್ಠೆಯೇನಿದ್ದರೂ ಬೇರೊಂದು ಅಳತೆಗೆ. 4 ಮಿಲಿಮೀಟರ್. ಒಳ್ಳೆಯ ಕೀಲಿಮಣೆಯ ಕೀಲಿಯೊಂದು ಒತ್ತಿದಾಗ ಕೆಳಗಿಳಿಯುವ ದೂರ ಅದು. ಸುದ್ದಿಯವರ ಲೆಕ್ಕದಲ್ಲೇ ಹೇಳುವುದಾದರೆ ಪೂರಾ 40 ಲಕ್ಷ ನ್ಯಾನೋಮೀಟರ್!

ಯೋಚಿಸಿ ನೋಡಿ. ಪ್ರೊಸೆಸರನ್ನು ಯಾರು ಮುಟ್ಟಿದ್ದಾರೆ? ಮೆಮೊರಿಯ ಮೈ ನವಿರೋ ಒರಟೋ ಬಲ್ಲವರಾರು? ಅವೆಲ್ಲ ಡಬ್ಬಿಯೊಳಗಿನ ಕತ್ತಲಲ್ಲಿ ಬಿಸಿಯಾಗುತ್ತ, ಫ್ಯಾನಿನ ಗಾಳಿ ಕುಡಿಯುತ್ತ ಬಾಳುವಂಥವು. ಗಣಕದ ಇಡೀ ಸಂಸಾರದಲ್ಲಿ ನಮ್ಮ ಚರ್ಮಕ್ಕೆ ದಿನವಿಡೀ ತಾಗುವುದು ಕೀಲಿಮಣೆ. ಆದರೂ ಲ್ಯಾಪ್‌ಟಾಪಿನ ಗುಣಪಟ್ಟಿಯಲ್ಲಿ ಅದಕ್ಕೆ ಸಿಗುವುದು ಕೊನೆಯ ಸಾಲು, ಅದೂ ‘ಬೆಳಕಿನ ಸೌಲಭ್ಯವಿದೆ’ ಎಂಬ ಒಣ ಮಾತು. ಈ ಅನ್ಯಾಯದ ಬಗ್ಗೆ ನಾನು ಆಗಾಗ ಭಾಷಣ ಮಾಡುವುದರಿಂದ ಮನೆಯಲ್ಲಿ ನನಗೆ ‘ಕೀಲಿಲೋಲ’ ಎಂಬ ಬಿರುದು ಪ್ರದಾನವಾಗಿದೆ. ಹಾರ, ಶಾಲು ಇನ್ನೂ ಬಂದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೀಲಿಮಣೆಗಳನ್ನು ಗೋಡೆಯೆತ್ತರಕ್ಕೆ ಪೇರಿಸಿಟ್ಟಿರುತ್ತಾರೆ. ಒಂದನ್ನು ಇಳಿಸಿಕೊಂಡು, ಯಾವ ಗಣಕಕ್ಕೂ ಜೋಡಿಸದೆ, ಗಾಳಿಯಲ್ಲೇ ಟಕಟಕ ಒತ್ತುತ್ತ ನಿಲ್ಲುವುದು ನನ್ನ ಹಳೆಯ ಚಟ. ‘ಬಿಲ್ ಹಾಕ್ಲಾ ಸಾರ್?’ ಎನ್ನುತ್ತಾನೆ ಹುಡುಗ. ‘ಇರಪ್ಪ, ಇನ್ನೊಂದ್ ಸ್ವಲ್ಪ ಒತ್ತಿ ನೋಡ್ತೀನಿ.’ ಎಲ್ಲಿಗೂ ಹೋಗದ ಅಕ್ಷರಗಳನ್ನು ಬರೆಯುವ ಆ ನೆಮ್ಮದಿಯನ್ನು ಅವನಿಗೆ ಹೇಗೆ ವಿವರಿಸಲಿ?

ಜರ್ಮನಿಯ ಚೆರ್ರಿ ಎಂಬ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚುಗಳಿಂದ ಕೀಲಿಪ್ರಿಯರಲ್ಲಿ ಪಂಗಡಗಳೇ ಹುಟ್ಟಿಕೊಂಡಿವೆ. ನೀಲಿಯವರಿಗೆ ಒತ್ತಿದಾಗಲೆಲ್ಲ ‘ಕ್ಲಿಕ್’ ಕೇಳಬೇಕು. ಕಂದಿನವರಿಗೆ ಸದ್ದು ಬೇಡ, ದಾರಿಯಲ್ಲೊಂದು ಪುಟ್ಟ ಉಬ್ಬು ತಗುಲಿದರೆ ಸಾಕು. ಕೆಂಪಿನವರದು ಅಡೆತಡೆಯಿಲ್ಲದ ಜಾರುದಾರಿ. ನಾನು ಹುಟ್ಟಾ ನೀಲಿಯವನು. ಆದ್ದರಿಂದಲೇ ಕಚೇರಿಯಲ್ಲಿ ನನ್ನ ಅಕ್ಕಪಕ್ಕದ ಕುರ್ಚಿಗಳು ಖಾಲಿ. ಇಲ್ಲೊಂದು ಸ್ವಾರಸ್ಯವಿದೆ. ಈ ಸ್ವಿಚ್ಚುಗಳಲ್ಲಿ ಅಕ್ಷರ ದಾಖಲಾಗುವುದು ಸುಮಾರು ಅರ್ಧ ದಾರಿಯಲ್ಲೇ, 2 ಮಿಲಿಮೀಟರ್ ಇಳಿಯುವಷ್ಟರಲ್ಲಿ. ಉಳಿದ 2 ಮಿಲಿಮೀಟರಿಗೆ ಏನೂ ಕೆಲಸವಿಲ್ಲ. ಕೆಲಸ ಮುಗಿದ ಮೇಲೂ ಬೆರಳು ಸುಮ್ಮನೆ ಇಳಿಯುತ್ತ ಹೋಗುತ್ತದಲ್ಲ, ನನಗೆ ಬೇಕಾದದ್ದು ಆ ಭಾಗವೇ.

ಈ ಸುಖದ ಪಿತಾಮಹ ಐಬಿಎಂನ ‘ಮಾಡೆಲ್ ಎಂ’, 1985ರದು. ಅದರ ಪ್ರತಿ ಕೀಲಿಯ ಕೆಳಗೂ ಒಂದು ಸ್ಪ್ರಿಂಗು. ಒತ್ತುತ್ತ ಹೋದರೆ ಅದು ತಡೆಯುವಷ್ಟು ತಡೆದು, ಒಮ್ಮೆಗೇ ನಡು ಬಾಗಿ ಕುಸಿಯುತ್ತದೆ. ಆಗ ಅದರ ಬುಡದ ಪುಟ್ಟ ಸುತ್ತಿಗೆ ಕೆಳಗಿನ ಹಾಳೆಯನ್ನು ಕುಟ್ಟುತ್ತದೆ. ಆ ‘ಟಣ್’ ಎಂಬ ಸದ್ದು ಅಲಂಕಾರಕ್ಕೆ ಇಟ್ಟದ್ದಲ್ಲ, ಯಂತ್ರ ತನ್ನ ಕೆಲಸ ಮಾಡಿದ್ದಕ್ಕೆ ಕೊಡುವ ರಸೀದಿ. ತೂಕ ಎರಡು ಕಿಲೋ ಮೀರುತ್ತದೆ. ಅಮೆರಿಕದ ಕೆಂಟಕಿಯಲ್ಲಿ ಯುನಿಕಾಂಪ್ ಎಂಬ ಸಣ್ಣ ಕಂಪನಿಯವರು ಈ ವಂಶವನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಹೊಟ್ಟೆ ತಣ್ಣಗಿರಲಿ ಅವರದು.

ಉಳಿದವರಿಗೆಲ್ಲ ತೆಳುವಾಗುವ ರೋಗ. 2015ರಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್ಕಿಗೆ ‘ಚಿಟ್ಟೆ’ ಎಂಬ ಕೀಲಿ ಜೋಡಿಸಿತು. ಇಳಿತ ಒಂದು ಮಿಲಿಮೀಟರೂ ಇಲ್ಲ. ಒಂದು ಕಣ ದೂಳು ಹೊಕ್ಕರೆ ಚಿಟ್ಟೆಯ ರೆಕ್ಕೆ ಅಂಟುತ್ತಿತ್ತು. ಗೊಣಗಾಟ ಹೆಚ್ಚಿ, ಕೋರ್ಟಿನ ಮೆಟ್ಟಿಲನ್ನೂ ಹತ್ತಿ, 2020ರ ಹೊತ್ತಿಗೆ ಅವರು ಹಳೆಯ ಕತ್ತರಿ ವಿನ್ಯಾಸಕ್ಕೇ ಮರಳಿದರು. ಅದನ್ನೋದಿದ ದಿನ ನಾನು ಮನೆಯಲ್ಲಿ ವಿಶೇಷ ಉಪನ್ಯಾಸ ಏರ್ಪಡಿಸಿದ್ದೆ. ಹಾಜರಾತಿ ಚೆನ್ನಾಗಿರಲಿಲ್ಲ.

ಕೀಲಿಮಣೆಯ ಮೇಲೆ ಕೆಲಸವಿಲ್ಲದೆ ಪಿಂಚಣಿ ಉಣ್ಣುವವರೂ ಇದ್ದಾರೆ. ಸ್ಕ್ರಾಲ್ ಲಾಕ್ ಅಂಥವರ ಹಿರಿಯ. 1981ರ ಐಬಿಎಂ ಪಿಸಿಯ 83 ಕೀಲಿಗಳಲ್ಲಿ ಅದೂ ಒಂದು. ಬಾಣದ ಕೀಲಿ ಒತ್ತಿದರೆ ಕರ್ಸರ್ ಬದಲು ಇಡೀ ಪಠ್ಯವೇ ಸರಿಯಲಿ ಎಂದು ಇಟ್ಟದ್ದು. ಈಗ ಎಕ್ಸೆಲ್ ಬಿಟ್ಟರೆ ಅದನ್ನು ಕೇಳುವವರು ವಿರಳ. ಲೆಕ್ಕದ ಮನೆಗಳೆಲ್ಲ ಒಟ್ಟಿಗೆ ಜಾರತೊಡಗಿ ಗುಮಾಸ್ತರು ಕಂಗಾಲಾದಾಗ, ‘ಸ್ಕ್ರಾಲ್ ಲಾಕ್ ಒತ್ತಿರಬೇಕು ನೋಡಿ’ ಎಂದು ಹೇಳಿ ಪಂಡಿತನೆನಿಸಿಕೊಳ್ಳುವ ಭಾಗ್ಯ ನನ್ನಂಥವರಿಗೆ.

ಕನ್ನಡಕ್ಕೆ ಬಂದರೆ ಬೆರಳಿನ ಕತೆಯೇ ಬೇರೆ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ಯ ಮೂಲಕ ನಮ್ಮ ಕೈಗಂಟಿದ ವಿನ್ಯಾಸದಲ್ಲಿ ಒತ್ತಕ್ಷರದ ಕೀಲಿ ಎಫ್. ಎಡಗೈ ತೋರುಬೆರಳು ಕತ್ತಲಲ್ಲೂ ಮನೆ ಗುರುತಿಸಲೆಂದು ಸಣ್ಣ ಗೀರು ಉಬ್ಬಿಸಿಟ್ಟಿರುತ್ತಾರಲ್ಲ, ಅದೇ ಎಫ್. ಇಂಗ್ಲಿಷಿನವರು ಅಪರೂಪಕ್ಕೆ ಮುಟ್ಟುವ ಅಕ್ಷರ ನಮಗೆ ಹೆಜ್ಜೆಹೆಜ್ಜೆಗೂ ಬೇಕು. ಅಪ್ಪ, ಅಮ್ಮ, ಅಕ್ಕ, ಅಣ್ಣ ಎಲ್ಲರೂ ಆ ಗೀರು ದಾಟಿಯೇ ಬರಬೇಕು. ಚಿಕ್ಕಪ್ಪ, ದೊಡ್ಡಮ್ಮ ಬಂದರೆ ಎರಡೆರಡು ಸಲ. ಮಾವನಂಥ ಕೆಲವರು ಮಾತ್ರ ನುಣುಚಿಕೊಳ್ಳುತ್ತಾರೆ. ಇನ್ನು ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಬೇಕು, ಆ ಕೂಲಿ ಕಿರುಬೆರಳಿನದು. ಕನ್ನಡಕ್ಕೆ ಮಹಾಪ್ರಾಣ ಬೇಡವೆಂದು ವಾದಿಸಿದ ಡಿ.ಎನ್. ಶಂಕರ ಭಟ್ಟರ ವಿಷಯದಲ್ಲಿ ವಿದ್ವಾಂಸರು ಏನಾದರೂ ಅಂದುಕೊಳ್ಳಲಿ, ಭಾಗವತ ಪುರಾಣದ ಬಗ್ಗೆ ನಾಲ್ಕು ಪುಟ ಟೈಪಿಸಿದ ಸಂಜೆ ನನ್ನ ಕಿರುಬೆರಳು ಅವರ ಪಕ್ಷ ಸೇರುತ್ತದೆ.

ಈಚೆಗೆ ಕೀಲಿಮಣೆಗೂ ಸುದ್ದಿಭಾಗ್ಯ ಬಂದಿದೆ. 1994ರಲ್ಲಿ ವಿಂಡೋಸ್ ಕೀಲಿ ಬಂದ ಮೇಲೆ ತೆಪ್ಪಗಿದ್ದ ಮೈಕ್ರೋಸಾಫ್ಟ್, 2024ರ ಜನವರಿಯಲ್ಲಿ ‘ಕೋಪೈಲಟ್’ ಕೀಲಿ ಘೋಷಿಸಿತು. ಒತ್ತಿದರೆ ಕೃತಕ ಬುದ್ಧಿಮತ್ತೆ ಕೈಕಟ್ಟಿ ಎದುರು ನಿಲ್ಲಬೇಕು. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅದು ಬಲಗಡೆಯ ಕಂಟ್ರೋಲ್ ಕೀಲಿಯನ್ನು ಎಬ್ಬಿಸಿ ತಾನು ಕೂತಿದೆ. ಕೆದಕಿ ನೋಡಿದರೆ ಒಳಗಿನ ಸಂಗತಿ ಇನ್ನೂ ಚೆಂದ. ಆ ಕೀಲಿ ಒತ್ತಿದಾಗ ಗಣಕಕ್ಕೆ ಕೇಳಿಸುವುದು ವಿಂಡೋಸ್, ಶಿಫ್ಟ್ ಮತ್ತು ಎಫ್23. ನಮ್ಮ ಕೀಲಿಮಣೆಗಳು ಎಫ್12ಕ್ಕೇ ಮುಗಿಯುತ್ತವೆ. ಎಫ್23 ಇದ್ದದ್ದು ಐಬಿಎಂ ಟರ್ಮಿನಲ್ಲುಗಳ 122 ಕೀಲಿಗಳ ಆ ಹಳೆಯ ಹಲಗೆಗಳಲ್ಲಿ. ನಾಳಿನ ಬುದ್ಧಿ ಅಜ್ಜನ ಕೋಟು ತೊಟ್ಟು ಬಂದಿದೆಯೆಂದು ತಿಳಿದ ಮೇಲೆ ನನಗೆ ಅದರ ಮೇಲಿದ್ದ ಸಿಟ್ಟು ಇಳಿಯಿತು.

ಇಳಿದರೂ ಕೆಲಸ ಬದಲಿಸದೆ ಬಿಡಲಿಲ್ಲ. ಯುನಿಕೋಡಿನಲ್ಲಿ ಅಗಲವೇ ಇಲ್ಲದ ಒಂದು ಅಕ್ಷರವಿದೆ. ಕಣ್ಣಿಗೆ ಕಾಣದು, ಜಾಗ ಹಿಡಿಯದು; ಎರಡು ವ್ಯಂಜನಗಳ ನಡುವೆ ನಿಂತು ಅವು ಒಂದರ ಕಾಲಿಗೊಂದು ಜೋತುಬೀಳದಂತೆ ತಡೆಯುವುದಷ್ಟೇ ಅದರ ಉದ್ಯೋಗ. ಅದಿಲ್ಲದಿದ್ದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗಿ ಮುದ್ದೆಗಟ್ಟುತ್ತದೆ. ಈಗ ನನ್ನ ಯಂತ್ರದಲ್ಲಿ ಕೃತಕ ಬುದ್ಧಿಮತ್ತೆಯ ಕೀಲಿ ಒತ್ತಿದರೆ ಆ ಶೂನ್ಯಾಕ್ಷರ ಮೂಡುತ್ತದೆ, ಅಂದರೆ ಏನೂ ಮೂಡುವುದಿಲ್ಲ. ಬಲ ಹೆಬ್ಬೆರಳಿಗೆ ಹತ್ತಿರ, ಒತ್ತಲು ಹಾಯಾಗಿದೆ. ಇಳಿತ ಮಾತ್ರ ಸ್ವಲ್ಪ ಕಡಿಮೆಯಾಯಿತು.