ನಡುಗುವ ಕನ್ನಡಿ

ಮೋಟಾರು ಸೈಕಲ್ಲಿನ ಕನ್ನಡಿಯ ವಿಷಯವಾಗಿ ಬರೆಯಹೊರಟರೆ, “ಇದಕ್ಕೂ ಸಂಸಾರಕ್ಕೂ ಏನು ಸಂಬಂಧ?” ಎಂದು ಗೃಹಸ್ಥರಾದ ವಾಚಕರು ಕೇಳಬಹುದು. ಸಂಬಂಧವುಂಟು. ನಮ್ಮ ನಾಡಿನಲ್ಲಿ ಆ ವಾಹನವನ್ನು ಒಬ್ಬನೇ ಏರುವುದು ಅಪರೂಪ. ಹಿಂದೆ ಮನೆಯಾಕೆ, ಮುಂದೆ ಕಾಯಿಪಲ್ಯದ ಚೀಲ, ಹೀಗೆ ಒಂದು ಸಣ್ಣ ಸಂಸಾರವೇ ಅದರ ಮೇಲೆ ಸಾಗುತ್ತಿರುತ್ತದೆ. ಆ ಸಂಸಾರಕ್ಕೆ ಬೆನ್ನ ಹಿಂದೆ ಕಣ್ಣುಗಳೆಂದರೆ ಆ ಎರಡು ಕನ್ನಡಿಗಳೇ.

ನಮ್ಮದು ಒಂದೇ ಸಿಲಿಂಡರಿನ ಹಳೆಯ ಗಾಡಿ. ನಿಂತಲ್ಲಿ ಅದರ ಕನ್ನಡಿ ತಿಳಿಗೊಳದಂತಿರುತ್ತಿತ್ತು. ವೇಗವು ಗಂಟೆಗೆ 50 ಕಿಲೋಮೀಟರನ್ನು ದಾಟಿತೋ, ಮರ, ಮನೆ, ಬಸ್ಸು ಎಲ್ಲವೂ ಕಲಸಿದ ಹಿಟ್ಟಿನಂತೆ ಒಂದಾಗುತ್ತಿದ್ದವು. ವೃದ್ಧರ ಕೈನಡುಕವನ್ನು ಸಹಿಸುವಂತೆ ನಾವು ಇದನ್ನು ವರ್ಷಗಟ್ಟಲೆ ಸಹಿಸಿಕೊಂಡು ಬಂದಿದ್ದೆವು.

ಕಳೆದ ಕಾರ್ತಿಕದ ಒಂದು ಸೋಮವಾರ ಮನೆಯಾಕೆಯನ್ನು ಕೂಡಿಸಿಕೊಂಡು ನಂಜನಗೂಡಿಗೆ ಹೋಗಿ, ದೇವರ ದರ್ಶನ ಮುಗಿಸಿ ಮೈಸೂರಿಗೆ ಹಿಂದಿರುಗುತ್ತಿದ್ದೆವು. ರಸ್ತೆಯ ಬಲಬದಿಯಲ್ಲಿ ಯಾರೋ ರಸಬಾಳೆಯ ಚಿಪ್ಪುಗಳನ್ನಿಟ್ಟುಕೊಂಡು ಕುಳಿತಿದ್ದರು. ಕೊಳ್ಳೋಣವೆಂದು ಬಲಕ್ಕೆ ತಿರುಗುವ ಮುನ್ನ ಕನ್ನಡಿಯನ್ನು ನೋಡಿದೆವು. ಅದರಲ್ಲಿ ಒಂದು ಬೂದುಬಣ್ಣದ ಮಬ್ಬು ಕಂಡಿತು. ಆಕಾಶವೋ ರಸ್ತೆಯೋ ಇರಬೇಕೆಂದು ಹ್ಯಾಂಡಲ್ಲನ್ನು ತಿರುಗಿಸಿದೆವು. ಒಡನೆಯೇ ಮನೆಯಾಕೆ ನಮ್ಮ ಭುಜವನ್ನು ಗಟ್ಟಿಯಾಗಿ ಹಿಡಿದು, “ಅಯ್ಯೋ, ಲಾರಿ!” ಎಂದು ಕೂಗಿದಳು. ಬ್ರೇಕು ಹಾಕಿ ಎಡಕ್ಕೆ ಸರಿಯುವಷ್ಟರಲ್ಲಿ ಆ ಬೂದುಬಣ್ಣದ ಲಾರಿಯು ಮಾರುದೂರದಲ್ಲಿ ಅಬ್ಬರಿಸಿಕೊಂಡು ಹೋಯಿತು. ಆ ದಿನ ಬಾಳೆಯ ಹಣ್ಣನ್ನು ಕೊಳ್ಳಲಿಲ್ಲ. ಮನೆ ಸೇರುವವರೆಗೆ ಇಬ್ಬರೂ ಮಾತಾಡಲೂ ಇಲ್ಲ.

ಕನ್ನಡಿಯ ನಡುಕವೆಂಬುದು ಹೊಸ ಕಥೆಯೇನೂ ಅಲ್ಲ. 1911ನೆಯ ಇಸವಿಯ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್ಸಿನಲ್ಲಿ 500 ಮೈಲಿಗಳ ಮೊದಲನೆಯ ಕಾರು ಪಂದ್ಯ ನಡೆಯಿತು. ಉಳಿದ ಕಾರುಗಳಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕನು ಕುಳಿತು, ಹಿಂದೆ ಬರುವವರನ್ನು ನೋಡಿ ಹೇಳುತ್ತಿದ್ದನು. ರೇ ಹ್ಯಾರೂನ್ ಎಂಬಾತನು ಮಾತ್ರ ಒಬ್ಬನೇ ಕುಳಿತು, ಅವನ ಬದಲಿಗೆ ಒಂದು ಕನ್ನಡಿಯನ್ನು ಕಟ್ಟಿಕೊಂಡನು, ಪಂದ್ಯವನ್ನೂ ಗೆದ್ದನು. ಇಟ್ಟಿಗೆ ಹಾಸಿದ ಆ ಹಾದಿಯಲ್ಲಿ ಕನ್ನಡಿ ಬಹಳವಾಗಿ ಅದುರಿ, ಅದರಲ್ಲಿ ತನಗೆ ಏನೂ ಕಾಣಲಿಲ್ಲವೆಂದು ಆತನೇ ಅನಂತರ ಒಪ್ಪಿಕೊಂಡನಂತೆ. ನಮ್ಮ ಪುಣ್ಯಕ್ಕೆ ನಮಗೆ ಕನ್ನಡಿಯೂ ಇತ್ತು, ಹಿಂದೆ ನೋಡಿ ಹೇಳುವವಳೂ ಇದ್ದಳು.

ಮರುದಿನವೇ ಪೇಟೆಗೆ ಹೋಗಿ ಹೊಸ ಕನ್ನಡಿಗಳ ಜೊತೆಯೊಂದನ್ನು ತಂದು ಕೂಡಿಸಿದೆವು. ನೋಡಲು ಸೊಗಸಾಗಿದ್ದವು, ಕಾಂಡವೂ ನೀಳವಾಗಿತ್ತು; ಆದರೆ ಹಳೆಯವಕ್ಕಿಂತ ಹೆಚ್ಚಾಗಿಯೇ ನಡುಗಿದವು! ಕುಣಿಯಲಾರದವಳು ನೆಲ ಡೊಂಕೆಂದಂತೆ ಕನ್ನಡಿಯನ್ನು ಬೈಯುತ್ತ, ನಮ್ಮ ಬೀದಿಯ ಕೊನೆಯಲ್ಲಿರುವ ಮೇಸ್ತ್ರಿಯ ಬಳಿಗೆ ಹೋದೆವು. ಆತ ಕನ್ನಡಿಯನ್ನು ಮುಟ್ಟಲೂ ಇಲ್ಲ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳನ್ನು ಒಂದೊಂದಾಗಿ ಸ್ಪಾನರಿನಿಂದ ನೋಡಿದನು. ಹಿಂಬದಿಯ ಒಂದು ನಟ್ಟು ಕಾಲು ಸುತ್ತಿಗೂ ಮಿಗಿಲಾಗಿ ಸಡಿಲವಾಗಿತ್ತು. “ಕನ್ನಡಿ ಏನು ಮಾಡೀತು ಸ್ವಾಮಿ? ಅದು ಚಾಡಿ ಹೇಳ್ತಾ ಇತ್ತು, ಅಷ್ಟೆ. ನೀವು ಕೇಳಲಿಲ್ಲ,” ಎಂದನು.

ಈ ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿದೆ. ಒಂದೇ ಸಿಲಿಂಡರಿನ ಎಂಜಿನ್ನೆಂದರೆ ಒಂದೇ ಒನಕೆಯ ಕುಟ್ಟುವಿಕೆಯಂತೆ. ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಹೊರಳುವಾಗಲೆಲ್ಲ ಗಾಡಿಯ ಮೈಯೆಲ್ಲ ಅದುರುತ್ತದೆ. ತಿರುಗುವ ಕ್ರ್ಯಾಂಕಿಗೆ ಎದುರುಭಾರವನ್ನು ಕೂಡಿಸುತ್ತಾರೆಂಬುದೇನೋ ನಿಜ. ಆದರೆ ಪೂರ್ಣ ಭಾರವನ್ನು ಕೂಡಿಸಿದರೆ ಮೇಲುಕೆಳಗಿನ ಅದುರು ಹಿಂದುಮುಂದಿನ ಅದುರಾಗಿ ಮಾರ್ಪಡುತ್ತದೆಯಾದ ಕಾರಣ, ಸುಮಾರು ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದುದನ್ನು ಅಡಗಿಸಲು ಈಚಿನ ಅನೇಕ ಎಂಜಿನ್ನುಗಳಲ್ಲಿ ಎದುರು ದಿಕ್ಕಿಗೆ ತಿರುಗುವ ಸಮತೋಲನದ ದಂಡವೊಂದುಂಟು. ನಮ್ಮ ಹಳೆಯ ಗಾಡಿಗೆ ಆ ಭಾಗ್ಯವಿಲ್ಲ.

ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಾರಿ ಅದುರಿದಂತಾಯಿತು. ಕನ್ನಡಿಯ ಕಾಂಡಕ್ಕೂ ಅದರದೇ ಆದ ಒಂದು ತೂಗಿನ ಲಯವಿದೆ. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ಕಿರುಬೆರಳಿನಿಂದ ನೂಕಿದರೂ ಜೋರಾಗಿ ತೂಗುವಂತೆ, ಎಂಜಿನ್ನಿನ ಅದುರೂ ಕಾಂಡದ ಲಯವೂ ಕೂಡಿದ ವೇಗದಲ್ಲಿ ಕನ್ನಡಿ ಹುಚ್ಚೆದ್ದು ನಡುಗುತ್ತದೆ. ಅಲ್ಲದೆ, ಕನ್ನಡಿ ಒಂದು ಅಂಶ ವಾಲಿದರೆ ಅದರಿಂದ ಮರಳುವ ಬೆಳಕು ಎರಡು ಅಂಶ ವಾಲುತ್ತದೆ. 50 ಮೀಟರು ಹಿಂದಿನ ಲಾರಿಯ ಮಟ್ಟಿಗೆ ಅದು ಹೆಚ್ಚುಕಡಿಮೆ ಒಂದು ಆಳಿನ ಎತ್ತರದಷ್ಟು ಅಂತರ! ಮಬ್ಬಾಗದೆ ಇನ್ನೇನಾದೀತು?

ಆದುದರಿಂದ ಚಿಕಿತ್ಸೆಯು ಬುಡದಿಂದ ತುದಿಗೆ ನಡೆಯಬೇಕು. ಮೊದಲು ಎಂಜಿನ್ನಿನ ಬೋಲ್ಟುಗಳು. ಇವನ್ನು ಬಲ್ಲವರಿಂದಲೇ ಬಿಗಿಸುವುದು ಲೇಸು, ಅತಿಯಾಗಿ ಬಿಗಿದರೂ ಕೇಡೇ. ಆಮೇಲೆ ಹ್ಯಾಂಡಲ್ಲಿನ ಹಿಡಿಕೆಗಳು. ಅದರ ಮೇಲೆ ಕನ್ನಡಿಯ ಕಾಂಡದ ಬುಡದಲ್ಲಿರುವ ನಟ್ಟು ಹಾಗೂ ಕನ್ನಡಿಯ ಹಿಂದಿನ ಕೀಲು. ಎಂಜಿನ್ನನ್ನು ನಿಲ್ಲಿಸಿ ಕೈಯಿಂದ ಅಲುಗಿಸಿದರೆ ಸಡಿಲವು ತಿಳಿದುಬರುತ್ತದೆ. ಕೆಲವು ಗಾಡಿಗಳಲ್ಲಿ ಬಲಗನ್ನಡಿಯ ತಿರುಪು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂತಹದು. ಇದನ್ನರಿಯದೆ ಬಲ ಪ್ರಯೋಗಿಸಬಾರದು.

ಇಷ್ಟಾದರೂ ನಡುಕ ಉಳಿದರೆ ಲಯವನ್ನೇ ಬದಲಿಸುವ ಉಪಾಯಗಳುಂಟು. ಕಾಂಡವು ಗಿಡ್ಡವೂ ದಪ್ಪವೂ ಆದಷ್ಟು ಅದರ ಲಯ ಚುರುಕಾಗುತ್ತದೆ; ಕನ್ನಡಿಗೆ ಭಾರ ಹೆಚ್ಚಿದಷ್ಟು ಅದು ನಿಧಾನವಾಗುತ್ತದೆ. ಎರಡರಲ್ಲಿ ಯಾವುದಾದರೂ ಸರಿಯೇ, ನಾವು ದಿನವೂ ಓಡಿಸುವ ವೇಗಕ್ಕೆ ಅದು ಸಿಕ್ಕಬಾರದು, ಅಷ್ಟೆ. ನಮ್ಮ ನೀಳವಾದ ಹೊಸ ಕಾಂಡವು ಏಕೆ ಸೋತಿತೆಂಬುದು ಆಗ ನಮಗೆ ತಿಳಿಯಿತು. ಹ್ಯಾಂಡಲ್ಲಿನ ಎರಡು ತುದಿಗಳಿಗೂ ಲೋಹದ ತೂಕಗಳನ್ನು ಕೂಡಿಸಿದರೆ ಅದರ ಅದುರು ತಗ್ಗುತ್ತದೆ. ಕಾಂಡದ ಬುಡಕ್ಕೆ ರಬ್ಬರಿನ ವಾಷರನ್ನು ಇಡುವುದೂ ಉಂಟು. ಅದು ತೀರ ಮೆತ್ತಗಿದ್ದರೆ ಕನ್ನಡಿ ಇನ್ನಷ್ಟು ಕುಣಿಯುತ್ತದೆ.

ನಮ್ಮ ಗಾಡಿಗೆ ಆ ನಟ್ಟನ್ನು ಬಿಗಿದು, ಹಳೆಯ ಗಿಡ್ಡ ಕನ್ನಡಿಗಳನ್ನೇ ಮರಳಿ ಕೂಡಿಸಿ, ಹ್ಯಾಂಡಲ್ಲಿನ ತುದಿಗಳಿಗೆ ತೂಕಗಳನ್ನು ಹಾಕಿಸಿದೆವು. ಈಗ 60 ಕಿಲೋಮೀಟರಿನಲ್ಲಿಯೂ ಹಿಂದಿನದು ಲಾರಿಯೋ ಬಸ್ಸೋ ಎಂಬುದು ತಿಳಿಯುತ್ತದೆ. ನಡುಕವು ಪೂರ್ಣವಾಗಿ ಹೋಗಿಲ್ಲ; ಒಂಟಿ ಒನಕೆಯ ಗಾಡಿಯಲ್ಲಿ ಅಷ್ಟನ್ನು ಬಯಸುವುದು ಅತ್ಯಾಸೆ. ಸಡಿಲವಾದ ಆ ಬೋಲ್ಟು ಇನ್ನಷ್ಟು ದಿನ ಹಾಗೆಯೇ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ಮನಸ್ಸು ಬರುವುದಿಲ್ಲ. ಮನೆಯಲ್ಲಿ ಯಾವುದಾದರೂ ವಸ್ತು ನಡುಗಿದರೆ, ಅದನ್ನು ಬದಲಿಸುವ ಮುಂಚೆ ಬುಡದಲ್ಲಿ ಸಡಿಲವಾದುದೇನೆಂದು ಹುಡುಕುವುದು ಅಂದಿನಿಂದ ನಮಗೆ ಅಭ್ಯಾಸವಾಗಿದೆ.

ಮೊನ್ನೆ ಅದೇ ದಾರಿಯಲ್ಲಿ ಅದೇ ಬಾಳೆಯ ಹಣ್ಣಿನವರು ಕುಳಿತಿದ್ದರು. ಕನ್ನಡಿಯನ್ನು ನೋಡಿ, ಕತ್ತನ್ನೂ ಹೊರಳಿಸಿ ನೋಡಿ, ನಿಧಾನಿಸಿದೆವು. “ಹಿಂದೆ ಯಾರೂ ಇಲ್ಲ, ತಿರುಗಿಸಿ,” ಎಂದಳು ಮನೆಯಾಕೆ. ಕನ್ನಡಿಯೂ ಅದನ್ನೇ ಹೇಳಿತ್ತು. ಆದರೂ ಆಕೆಯ ಅಪ್ಪಣೆಯಾದ ಮೇಲೆಯೇ ತಿರುಗಿಸಿದೆವು.