ಕೌದಿಯೊಳಗಿನ ತ್ರಿಕೋಣ

ಕಂಥಾ ಎಂಬ ಸಂಸ್ಕೃತಶಬ್ದವು ಕನ್ನಡದಲ್ಲಿ ಕಂತೆಯಾಗಿ, ಹರಕುಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆಯೆಂಬ ತನ್ನ ಮೊದಲಿನ ಅರ್ಥವನ್ನು ಬಹುಮಟ್ಟಿಗೆ ನೀಗಿಕೊಂಡು, ಈಗ ಹುಲ್ಲಿಗೂ ಕಾಗದಕ್ಕೂ ಹಣದ ನೋಟಿಗೂ ಸಲ್ಲುತ್ತಿರುವುದು. ಭರ್ತೃಹರಿಯ ವೈರಾಗ್ಯಶತಕವನ್ನು ಓದಿದವರಿಗೆ ಈ ಕಂಥೆಯು ಅಪರಿಚಿತವಲ್ಲ. ಸಂಸಾರವನ್ನು ತೊರೆದವನ ಹೆಗಲ ಮೇಲೆ ಕವಿಗಳು ಅದನ್ನು ತಪ್ಪದೆ ಹೊದಿಸುವರು. ಆದರೆ ಅದನ್ನು ಹೊಲಿದವರು ಯಾರು, ತುಂಡುಗಳನ್ನು ಹೇಗೆ ಕತ್ತರಿಸಿದರು, ಮೂಲೆಗೆ ಮೂಲೆ ಕೂಡಿತೋ ಇಲ್ಲವೋ ಎಂಬುದನ್ನು ನಾವು ಓದಿದ ಯಾವ ಕವಿಯೂ ವಿಚಾರಿಸಿದಂತೆ ಕಾಣೆವು. ಸಂಸಾರವನ್ನು ತೊರೆಯದ ನಮ್ಮಂಥವರಿಗೆ ಆ ವಿಚಾರವು ಒಂದು ದಿನ ಎದುರಾಗಿಯೇ ತೀರುವುದು.

ಧಾರವಾಡ, ಬಾಗಲಕೋಟೆ, ವಿಜಯಪುರಗಳ ಸೀಮೆಯಲ್ಲಿ ಇದಕ್ಕೆ ಕೌದಿಯೆಂದು ಹೆಸರು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಅಂಚಿಗೆ ಕೈಹೊಲಿಗೆಯ ಸಾಲುಗಳನ್ನು ಹಾಕಿದರೆ ಕೌದಿಯಾಯಿತು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಡೆ ವಾಸಿಸುವ, ಆಫ್ರಿಕ ಮೂಲದ ಸಿದ್ದಿ ಜನರ ಕೌದಿಯು ಇನ್ನೂ ಒಂದು ವಿಶೇಷವುಳ್ಳದ್ದು. ಅಲ್ಲಿಯ ಹೆಂಗಸರು ಒಂದು ಮೂಲೆಯಿಂದ ತೊಡಗಿ ಅಂಚುಗಳ ಗುಂಟ ಸುತ್ತುತ್ತ, ಒಳಗೊಳಗೆ ಬಂದು ನಡುವಿನಲ್ಲಿ ಹೊಲಿಗೆಯನ್ನು ಮುಗಿಸುವರು. ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋಣದ ತುಂಡುಗಳನ್ನು ಇಟ್ಟು ಅವನ್ನು ಹೂವೆಂದು ಕರೆಯುವರು. ಆ ಹೂವಿಲ್ಲದ ಕೌದಿಯು ಅವರ ಕಣ್ಣಿಗೆ ಬತ್ತಲೆ. 2004ರಲ್ಲಿ ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾಚರಿತ್ರಕಾರರೇ ಮೊದಲಾದವರ ಸಹಾಯದಿಂದ ಈ ಹೆಂಗಸರ ಸಹಕಾರಸಂಘವೊಂದು ಹುಟ್ಟಿ, ಅವರ ಕೆಲಸವು ಪರದೇಶಗಳನ್ನೂ ಕಂಡಿತು.

ಪ್ರಕೃತ ವಿಷಯವು ನಮ್ಮ ಜಯನಗರದ ಮನೆಯದು. ನಮ್ಮ ಗೃಹಿಣಿಯು ತೀರಿಕೊಂಡು ಎರಡು ವರ್ಷಗಳಾದುವು. ಧಾರವಾಡದ ಹೆಣ್ಣುಮಗಳಾದ ಆಕೆಯ ಪೆಟ್ಟಿಗೆಯಲ್ಲಿ ಎರಡು ಹತ್ತಿಯ ಸೀರೆಗಳು ಉಳಿದಿದ್ದುವು. ಒಂದು ನೀಲಿಯ ಇಳಕಲ್ಲಿನದು, ಮತ್ತೊಂದು ಮಾಸಿದ ಕೆನೆಬಣ್ಣದ್ದು. ಈ ವರ್ಷ ಮೈಸೂರಿನಲ್ಲಿ ನಮ್ಮ ಮಗಳಿಗೆ ಹೆಣ್ಣುಕೂಸು ಹುಟ್ಟಲು, ಅಜ್ಜಿಯನ್ನು ಕಾಣದ ಕೂಸಿಗೆ ಅಜ್ಜಿಯ ಸೀರೆಯದೇ ಕೌದಿ ಬೇಕೆಂದು ಆಕೆ ಕೇಳಿದಳು. ನಮ್ಮ ಸೊಸೆಯು ಬಿ.ಟಿ.ಎಂ. ಬಡಾವಣೆಯ ಒಂದು ಕಚೇರಿಯಲ್ಲಿ ಉದ್ಯೋಗದಲ್ಲಿದ್ದು, ಬಿಡುವಿನಲ್ಲಿ ಯಂತ್ರದ ಹೊಲಿಗೆಯನ್ನು ಬಲ್ಲವಳು. ಪ್ರತಿಯೊಂದು ಚೌಕದಲ್ಲಿಯೂ ಅರ್ಧ ನೀಲಿ, ಅರ್ಧ ಕೆನೆ, ನಡುವೆ ಕರ್ಣದ ಗುಂಟ ಒಂದು ಹೊಲಿಗೆ, ಹೀಗೆ ನಾಲ್ಕಂಗುಲದ ಚೌಕಗಳನ್ನು ಅಡ್ಡಕ್ಕೆ 9, ಉದ್ದಕ್ಕೆ 12ರಂತೆ ಕೂಡಿಸಿದರೆ 36 ಅಂಗುಲಕ್ಕೆ 48 ಅಂಗುಲದ ಕೂಸಿನ ಕೌದಿಯಾಗುವುದೆಂದು ಆಕೆಯ ಯೋಜನೆ. (ಅಂಗುಲವೆಂದರೆ ಈ ಲೇಖನದಲ್ಲಿ ಇಂಚೆಂದೇ ವಾಚಕರು ತಿಳಿಯತಕ್ಕುದು.)

ಬನಶಂಕರಿಯಲ್ಲಿ ಮಗನ ಮನೆಯಲ್ಲಿರುವ ನಮ್ಮ ನಾದಿನಿಗೆ ಈ ಯೋಜನೆಯು ರುಚಿಸಲಿಲ್ಲ. "ಭಾವಾರ, ಕೌದಿಗೇನು ಪಟ್ಟಿ ಹಿಡದು ಅಳೀತಾರೇನ್ರಿ? ಅರಿವಿ ಎಷ್ಟದನೋ ಅಷ್ಟು, ಕೈ ಹ್ಯಾಂಗ ಹೋಗ್ತದನೋ ಹಾಂಗ" ಎಂದಳು. ಸೊಸೆಯು ವಿನಯದಿಂದಲೇ, "ಚಿಕ್ಕಮ್ಮ, ಚೌಕ ಕಾಲಿಂಚು ಹೆಚ್ಚುಕಡಮೆಯಾದರೆ ತುದಿಗಳು ಒಂದನ್ನೊಂದು ಮುಟ್ಟುವುದಿಲ್ಲ" ಎಂದಳು. ಇಬ್ಬರೂ ನಮ್ಮ ಕಡೆ ನೋಡಿದರು. ನಾವು ಸೀರೆಗಳನ್ನು ಬೆಳಕಿಗೆ ಹಿಡಿದು ನೋಡಿದೆವು. ಇಳಕಲ್ಲಿನ ಸೀರೆಯು ಕೂತು ಎದ್ದು ಸವೆದು, ಅಲ್ಲಲ್ಲಿ ಜಾಲಂಧ್ರದಂತಾಗಿತ್ತು. 108 ಚೌಕಗಳಿಗೆ ಎರಡು ಬಣ್ಣಗಳಲ್ಲಿಯೂ 54 ತುಂಡುಗಳು ಬೇಕು. ನೀಲಿಯ ಗಟ್ಟಿಯಾದ ಭಾಗದಲ್ಲಿ ಐದಂಗುಲದ 57 ತುಂಡುಗಳು ಹೊರಡುವುವೆಂದು ಎಣಿಕೆಯಾಯಿತು. ಮೂರು ಮಾತ್ರ ಹೆಚ್ಚು. ಅಂಗಡಿಯಲ್ಲಿ ಹೊಸ ಸೀರೆಯು ದೊರೆಯುವುದು, ಈ ಸೀರೆಯು ದೊರೆಯದು. ಆದಕಾರಣ ಅಳತೆಯ ಪಕ್ಷವನ್ನು ವಹಿಸಿದೆವು.

ಕರ್ಣದಲ್ಲಿ ಕತ್ತರಿಸಿದ ಬಟ್ಟೆಯು ಚೌಕದ ಬಟ್ಟೆಯಂತೆ ಹೇಳಿದ ಮಾತು ಕೇಳುವುದಿಲ್ಲ. ಹಾಸಿನ ಎಳೆಯ ಗುಂಟಲೋ ಹೊಕ್ಕಿನ ಎಳೆಯ ಗುಂಟಲೋ ಎಳೆದರೆ ಬಟ್ಟೆಯು ಬಗ್ಗದು. ಎರಡಕ್ಕೂ ಓರೆಯಾಗಿ ಎಳೆದರೆ ಎಳೆಗಳ ಚೌಕಗಳೆಲ್ಲ ವಾಲಿ, ಬಟ್ಟೆಯು ರಬ್ಬರಿನಂತೆ ಹಿಗ್ಗುವುದು. ತ್ರಿಕೋಣಗಳನ್ನು ಮೊದಲು ಕತ್ತರಿಸಿ ಆಮೇಲೆ ಕೂಡಿಸಹೊರಟವರು, ಹಿಗ್ಗುವ ಆ ಓರೆಯ ಅಂಚನ್ನೇ ಕೈಯಲ್ಲಿ ಹಿಡಿದು ಹೊಲಿಯಬೇಕಾಗುವುದು. ಅದು ಬೇಡ. ಹೊಲಿದ ಮೇಲೆ ಕತ್ತರಿಸುವುದೇ ಈ ಕೆಲಸದ ಗುಟ್ಟು. ನೀಲಿಯ ಚೌಕದ ಮೇಲೆ ಕೆನೆಯ ಚೌಕವನ್ನು ಮೋರೆಗೆ ಮೋರೆಯಾಗಿ ಇಟ್ಟು, ಮೇಲಿನದರ ಬೆನ್ನಿಗೆ ಮೂಲೆಯಿಂದ ಮೂಲೆಗೆ ಗೀಟೆಳೆದು, ಆ ಗೀಟಿನ ಎರಡು ಪಕ್ಕಗಳಲ್ಲಿಯೂ ಕಾಲಂಗುಲ ಬಿಟ್ಟು ಒಂದೊಂದು ಹೊಲಿಗೆ ಹಾಕಿ, ಗೀಟಿನ ಮೇಲೆ ಕತ್ತರಿಸಿದರೆ, ಒಂದು ಜೋಡಿಯಿಂದ ಎರಡು ಚೌಕಗಳು ದೊರೆಯುವುವು. ಗೀಟಿಗೆ ಸವೆದ ಸಾಬೂನಿನ ಚೂಪು ಚೂರಿಗಿಂತ ಒಳ್ಳೆಯ ಸಾಧನವನ್ನು ಕಾಣೆವು. ತೊಳೆದರೆ ಕುರುಹಿಲ್ಲದೆ ಹೋಗುವುದು.

ನಾಲ್ಕಂಗುಲದ ಚೌಕ ಬೇಕಾದರೆ ಎಷ್ಟರ ತುಂಡನ್ನು ಕತ್ತರಿಸಬೇಕು? ಹೊಲಿಗೆ ಬಲ್ಲವರು ಬೇಕಾದ ಅಳತೆಗೆ 7/8 ಅಂಗುಲವನ್ನು ಸೇರಿಸು ಎನ್ನುವರು. ಏಕೆಂದು ಸೊಸೆಯನ್ನು ಕೇಳಿದರೆ, ಹಾಗೆಂದು ವಾಡಿಕೆ ಎಂದಳು. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವರಿಗೆ ಈ ಉತ್ತರವು ಸಾಲದು. ತ್ರಿಕೋಣದ ಒಂದು ಭುಜವನ್ನು ತೆಗೆದುಕೊಳ್ಳಿರಿ. ಲಂಬಕೋನದ ತುದಿಯಲ್ಲಿ ಪಕ್ಕದ ಚೌಕಕ್ಕೆ ಹೊಲಿಯುವಾಗ ಕಾಲಂಗುಲವು ಒಳಗೆ ಹೋಗುವುದು. ಚೂಪುಕೋನದ ತುದಿಯಲ್ಲಿಯಾದರೋ ಭುಜದ ಹೊಲಿಗೆಯೂ ಕರ್ಣದ ಹೊಲಿಗೆಯೂ ಒಂದೆಡೆ ಸೇರುವುದರಿಂದ, ಒಂದು ಕಾಲಂಗುಲವೂ, ಅದರ ಮೇಲೆ ಕಾಲಂಗುಲದ ಚೌಕದ ಕರ್ಣದಷ್ಟೂ ಹೋಗುವುದು. ಚೌಕದ ಕರ್ಣಕ್ಕೆ ಬೌಧಾಯನ ಶುಲ್ಬಸೂತ್ರವು ಕೊಡುವ ಲೆಕ್ಕವಿದು: ಭುಜಕ್ಕೆ ಅದರ ಮೂರನೆಯ ಒಂದು ಪಾಲನ್ನು ಕೂಡಿಸಿ, ಆ ಪಾಲಿನ ನಾಲ್ಕನೆಯ ಒಂದನ್ನು ಮತ್ತೆ ಕೂಡಿಸಿ, ಕಡೆಯದಾಗಿ ಕೂಡಿಸಿದುದರ ಮೂವತ್ತನಾಲ್ಕನೆಯ ಒಂದನ್ನು ಕಳೆಯತಕ್ಕುದು. ಭುಜವು ಒಂದಾದರೆ ಕರ್ಣವು 1.4142. ಕಾಲಂಗುಲಕ್ಕೆ ಇದು 0.3536 ಆಗುವುದು. ಮೂರನ್ನೂ ಕೂಡಿಸಿದರೆ 0.8536; 7/8 ಎಂದರೆ 0.875. ವಾಡಿಕೆಯ ಅಳತೆಯು ಅಂಗುಲದ ನಲವತ್ತೇಳನೆಯ ಒಂದು ಪಾಲಿನಷ್ಟೇ ದೊಡ್ಡದು, ಮತ್ತು ಆ ಹೆಚ್ಚು ವ್ಯರ್ಥವಲ್ಲ, ಬಟ್ಟೆಯು ಹೊಲಿಗೆಯ ಮೇಲೆ ಮಡಚಿಕೊಳ್ಳುವಾಗ ದಪ್ಪದಿಂದ ನುಂಗುವ ಕೂದಲೆಳೆಯಷ್ಟಕ್ಕೆ ಸಲ್ಲುವುದು. ಯಾರೋ ಅನಾಮಿಕ ಹೊಲಿಗೆಯವರ ಬೆರಳಿನ ಬುದ್ಧಿಗೂ ಬೌಧಾಯನನಿಗೂ ಇಷ್ಟು ಹೊಂದಾಣಿಕೆಯಿರುವುದನ್ನು ಕಂಡು ನಮಗೆ ಸಂತೋಷವಾಯಿತು.

ಶುಲ್ಬಸೂತ್ರಕಾರರಿಗೆ ಈ ತ್ರಿಕೋಣವು ಹೊಸದೂ ಅಲ್ಲ. ಹದ್ದಿನಾಕಾರದ ಶ್ಯೇನಚಿತಿಯನ್ನು ಕಟ್ಟುವಾಗ ಚೌಕದ ಇಟ್ಟಿಗೆಯನ್ನು ಕರ್ಣದಲ್ಲಿ ಅರ್ಧಿಸಿದ ಇಟ್ಟಿಗೆಗಳನ್ನೂ ಅವರು ಬಳಸಿದರು. ಒಣಗಿ ಬೆಂದ ಇಟ್ಟಿಗೆಯು ಕುಗ್ಗುವುದೆಂದು ಬಲ್ಲವರಾದ್ದರಿಂದ, ಕುಗ್ಗಿದ ಎಡೆಯನ್ನು ಮಣ್ಣಿನಿಂದ ತುಂಬಿರೆಂದೂ ವಿಧಿಸಿದರು. ಬಟ್ಟೆಯಲ್ಲಿ ಮಣ್ಣು ತುಂಬುವ ಹಾಗಿಲ್ಲ. ಹಾಗಾದರೆ ಬಟ್ಟೆಯನ್ನು ಮೊದಲೇ ದೊಡ್ಡದಾಗಿ ಕತ್ತರಿಸಿ ಆಮೇಲೆ ಒಪ್ಪಮಾಡುವುದೇ ಕ್ಷೇಮ. 4 7/8 ಅಂಗುಲಕ್ಕೆ ಬದಲಾಗಿ ಪೂರಾ 5 ಅಂಗುಲದ ತುಂಡುಗಳನ್ನು ಕತ್ತರಿಸಿ, ಹೊಲಿದು ಬಿಡಿಸಿದ ಚೌಕವನ್ನು 4½ ಅಂಗುಲಕ್ಕೆ ಸವರಿದೆವು. ಸುತ್ತಲೂ ಹೊಲಿದ ಮೇಲೆ ನಾಲ್ಕಂಗುಲವು ಉಳಿಯುವುದು. ಪ್ರತಿ ಚೌಕದಲ್ಲಿಯೂ 1/16 ಅಂಗುಲದ ಕೊರತೆಯನ್ನು ಕ್ಷಮಿಸಿದಿರಾದರೆ ಹನ್ನೆರಡು ಚೌಕಗಳ ಸಾಲು ಮುಕ್ಕಾಲಂಗುಲ ಮೋಟಾಗುವುದು. ಪಕ್ಕದ ಸಾಲಿಗೆ ಅದನ್ನು ಕೂಡಿಸಹೋದರೆ ಎಳೆದಾಟವೇ ಸರಿ.

ಸವರುವುದಕ್ಕೆ ಸೊಸೆಯು ಅಳತೆಯ ಗಾಜಿನಂಥ ಪಟ್ಟಿಯೊಂದನ್ನು ತರಿಸುವವಳಿದ್ದಳು. ನಮ್ಮ ಮನೆಯಲ್ಲಿ ಹಳೆಯ ಎಕ್ಸ್‌ರೇ ಹಾಳೆಗಳಿಗೆ ಬರವಿಲ್ಲ. ಒಂದನ್ನು 4½ ಅಂಗುಲದ ಚೌಕವಾಗಿ ಕತ್ತರಿಸಿ, ಸೂಜಿಯಿಂದ ಕರ್ಣದ ಗೀಟನ್ನು ಕೊರೆದೆವು. ಆ ಗೀಟನ್ನು ಹೊಲಿಗೆಯ ಮೇಲೆ ಕೂಡಿಸಿದರೆ ಸುತ್ತಲೂ ಹೊರಚಾಚಿದ್ದನ್ನೆಲ್ಲ ಕಣ್ಣುಮುಚ್ಚಿ ತೆಗೆಯಬಹುದು. (ಕಣ್ಣುಮುಚ್ಚಿಯೆಂದದ್ದು ಅಲಂಕಾರಕ್ಕೆ, ಕತ್ತರಿಯು ಹರಿತವಾದದ್ದು.) ಹೊಲಿಗೆಯು ಕರ್ಣದ ಗೀಟಿನಿಂದ ಜಾರಿದರೆ ಚೌಕವು ಅಳತೆಗೆ ಸರಿಯಾಗಿದ್ದರೂ ಮೂಲೆಯು ಮೊಂಡಾಗುವುದು. ಆದುದರಿಂದ ಅಳತೆಗಿಂತ ಮೊದಲು ಕರ್ಣವನ್ನು ನೋಡತಕ್ಕುದು.

ಕತ್ತರಿಸುವ ಮೊದಲು ಸೀರೆಗಳನ್ನು ಅನ್ನದ ಗಂಜಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದೆವು. ಗಂಜಿಯುಂಡ ಹತ್ತಿಯು ಕಾಗದದಂತೆ ನಿಲ್ಲುವುದು, ಓರೆಯ ಅಂಚೂ ಸುಮ್ಮನಿರುವುದು. ಕೆಲಸ ಮುಗಿದ ಮೇಲೆ ಅದನ್ನು ತೊಳೆದು ತೆಗೆಯಬೇಕು, ಇಲ್ಲವಾದರೆ ಹುಳುಗಳಿಗೆ ಔತಣವಾದೀತು. ಇಸ್ತ್ರಿಯನ್ನು ಓರೆಯ ಹೊಲಿಗೆಯ ಮೇಲೆ ಎಳೆಯಬಾರದು. ಎತ್ತಿ ಎತ್ತಿ ಇಡಬೇಕು. ಒಳಗಿನ ಅಂಚುಗಳನ್ನು ನೀಲಿಯ ಕಡೆಗೆ ಮಲಗಿಸಿದರೆ ಕೆನೆಯ ಬಟ್ಟೆಯಲ್ಲಿ ಕಪ್ಪುನೆರಳು ಕಾಣದು.

ಯಂತ್ರದ ಕಾಲಂಗುಲವು ನಿಜವಾಗಿಯೂ ಕಾಲಂಗುಲವೇ ಎಂಬುದಕ್ಕೆ ಒಂದು ಪರೀಕ್ಷೆಯುಂಟು. ಒಂದೂವರೆ ಅಂಗುಲ ಅಗಲದ ಮೂರು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ಹೊಲಿದು ಬಿಡಿಸಿದರೆ ನಡುವಿನದು ಸರಿಯಾಗಿ ಒಂದು ಅಂಗುಲವಿರಬೇಕು. ನಮ್ಮ ಹಳೆಯ ಪಂಚೆಯ ಪಟ್ಟಿಗಳಲ್ಲಿ ನೋಡಲಾಗಿ ಅದು ಒಂದು ನೂಲಿನಷ್ಟು ಕಡಮೆ ಬಂತು. ಸೂಜಿಯಿಂದ ಅಳೆದು ಯಂತ್ರದ ಹಲಗೆಯ ಮೇಲೆ ಅಂಟುಪಟ್ಟಿಯನ್ನು ಹೊಸದಾಗಿ ಹಚ್ಚಿ, ಮೂರನೆಯ ಬಾರಿಗೆ ಸರಿಯಾಯಿತು. ಇದೆಲ್ಲ ಪಂಚೆಯ ಮೇಲೆಯೇ ನಡೆಯಿತೆಂಬುದನ್ನು ಹೇಳಬೇಕಾಗಿಲ್ಲ.

ಬೇಗನೆ ಮುಗಿಸುವ ಉಪಾಯಗಳೂ ಉಂಟು. ಎರಡು ಚೌಕಗಳನ್ನು ನಾಲ್ಕು ಅಂಚುಗಳಲ್ಲಿಯೂ ಹೊಲಿದು ಎರಡು ಕರ್ಣಗಳಲ್ಲಿಯೂ ಕತ್ತರಿಸಿದರೆ ಒಮ್ಮೆಗೇ ನಾಲ್ಕಾಗುವುವು. ಆದರೆ ಆಗ ಹೊರಗಿನ ಅಂಚುಗಳೆಲ್ಲ ಓರೆಯವು, ಕೂಸು ಎಳೆದಂತೆಲ್ಲ ಹಿಗ್ಗುವುವು. ನಮಗದು ಸಮ್ಮತವಲ್ಲ. ದೊಡ್ಡ ತುಂಡುಗಳಿಗೆ ಎರಡು ಕರ್ಣಗಳನ್ನೂ ಎಳೆದು, ಒಂದೊಂದರ ಇಬ್ಬದಿಗಳಲ್ಲಿ ಹೊಲಿದು, ಅಡ್ಡ ಉದ್ದ ಓರೆಗಳಲ್ಲಿ ಕತ್ತರಿಸಿ ಎಂಟನ್ನು ಪಡೆಯುವ ಕ್ರಮವು ನಿರ್ದುಷ್ಟವಾದದ್ದು. ಆದರೆ ಅದಕ್ಕೆ ಸುಮಾರು ಹತ್ತಂಗುಲದ ಅಖಂಡವಾದ ಗಟ್ಟಿ ಬಟ್ಟೆ ಬೇಕು. ಸವೆದ ಸೀರೆಯಲ್ಲಿ ಅದೆಲ್ಲಿಯದು? ಹೊಸ ಬಟ್ಟೆಯನ್ನು ಕೊಂಡು ಮಾಡುವವರು ಈ ಕ್ರಮವನ್ನು ಹಿಡಿಯಬಹುದು.

ಹದಿನೈದು ಸಂಜೆಗಳಲ್ಲಿ 108 ಚೌಕಗಳೂ ಮುಗಿದುವು. 57 ನೀಲಿಯ ತುಂಡುಗಳಲ್ಲಿ ಒಂದು ಇಸ್ತ್ರಿಯ ಶಾಖಕ್ಕೆ ಬಿರಿಯಿತು, ಎರಡು ಉಳಿದುವು. ಎರಡನೆಯ ವಾರದಲ್ಲಿ ನಾದಿನಿಯು ಬಂದು, ಜೋಡಿಸಿದ ಸಾಲುಗಳ ಮೇಲೆ ಬೆರಳಾಡಿಸಿ, ತುದಿಗೆ ತುದಿ ಕೂಡಿದ್ದನ್ನು ನೋಡಿ ಸುಮ್ಮನೆ ಕುಳಿತಳು. ಆ ನೀಲಿಯ ಸೀರೆಯನ್ನು ಅಕ್ಕನು ಉಟ್ಟ ದಿನಗಳನ್ನು ಒಂದೆರಡು ಹೇಳಿದಳು. ಅವು ಇಲ್ಲಿಗೆ ಬೇಡ. ಆಮೇಲೆ, "ಇನ್ನ ಮ್ಯಾಲಿನ ಹೊಲಿಗಿ ಮಿಷಿನ್ನಿಗೆ ಕೊಡಬ್ಯಾಡ್ರಿ, ಅದು ನಂದು" ಎಂದಳು. ಸೊಸೆಯು ತಕರಾರಿಲ್ಲದೆ ಒಪ್ಪಿದಳು.

ಒಳಪದರಕ್ಕೆ ನಮ್ಮ ಎರಡು ಪಂಚೆಗಳು, ಅಡಿಗೆ ಕೆನೆಯ ಸೀರೆಯ ಉಳಿದ ಭಾಗ. ನಾದಿನಿಯು ಯಾವ ಗೀಟನ್ನೂ ಎಳೆಯದೆ, ಅಂಚಿನಿಂದ ಒಳಕ್ಕೆ, ಹೆಬ್ಬೆರಳಿನ ಅಗಲಕ್ಕೊಂದರಂತೆ ಸಾಲುಗಳನ್ನು ಹಾಕುತ್ತಿರುವಳು. ಪಟ್ಟಿಯಿಂದ ಅಳೆದು ನೋಡೋಣವೆಂದು ನಮಗೆ ತೋರಿತಾದರೂ ಅಳೆಯಲಿಲ್ಲ. ಉಳಿದ ಎರಡು ನೀಲಿಯ ತುಂಡುಗಳನ್ನು ಕರ್ಣದಲ್ಲಿ ಮಡಿಸಿ ಮೇಲಿನ ಎರಡು ಮೂಲೆಗಳಿಗೆ ಸಿದ್ದಿಯರ ಹೂವಿನಂತೆ ಇಡುವುದೆಂದು ಆಗಿದೆ. ಕೆಳಗಿನ ಎರಡಕ್ಕೆ ಇಳಕಲ್ಲಿನ ಸೆರಗಿನ ಕೆಂಪನ್ನು ತೆಗೆಯಬಹುದೇ ಎಂಬುದನ್ನು ಮಗಳನ್ನು ಕೇಳಿ ಬರೆಯಬೇಕಾಗಿದೆ.